ಹಾರ್ಮೋನಿಕ್ ಪ್ಯಾಟರ್ನ್ ಸ್ಕ್ಯಾನರ್: ವರ್ಷಗಟ್ಟಲೆ ಬಳಸಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ಮೂರು. ಷೇರು ಥರದವುಗಳ ಬೆಲೆ ಚಾರ್ಟ್ ಮೇಲೆ, ಬೆಲೆ ಎಲ್ಲಿ ತಿರುಗ್ಬಹುದು ಅಂತ ಅಂದಾಜು ಮಾಡೋ ಹಾರ್ಮೋನಿಕ್ ಆಕಾರಗಳನ್ನ, ಅಂದ್ರೆ ಗಾರ್ಟ್ಲಿ, ಬ್ಯಾಟ್, ಬಟರ್‌ಫ್ಲೈ, ಕ್ರ್ಯಾಬ್ ಎಲ್ಲಾ ತಾನೇ ಹುಡುಕಿ ಬಣ್ಣ ತುಂಬಿ ತೋರ್ಸೋ ಪೇಯ್ಡ್ ಸ್ಕ್ಯಾನರ್ ಇದು. ಹೆಸರು ಹಾಕಲ್ಲ, ಇಂಥವು ಬೇಕಾದಷ್ಟಿವೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲಕ್ಕೂ ಅನ್ವಯಿಸತ್ತೆ. ತಗೊಂಡು ಒಂದು ವಾರಕ್ಕೇ "ಸೂಪರ್" ಅಂತ ಬರ್ದಿರೋ ರಿವ್ಯೂಗಳೇ ಜಾಸ್ತಿ ಕಾಣ್ಸತ್ವೆ, ಆದ್ರೆ ಇದರ ನಿಜವಾದ ಗುಣ ದೋಷ ಒಂದು ವಾರದಲ್ಲಿ ಗೊತ್ತಾಗೋದೇ ಇಲ್ಲ.

ಹೊಸಬ್ರಿಗೆ ಎರಡು ಮಾತು. ಎಚ್. ಎಂ. ಗಾರ್ಟ್ಲಿ 1935ರಲ್ಲಿ ಬರೆದ ಪುಸ್ತಕದ 222ನೇ ಪುಟದಲ್ಲಿ ಇದರ ಮೂಲ ಇದೆ, ಅದಕ್ಕೇ ಹಳಬ್ರು ಈಗ್ಲೂ ಗಾರ್ಟ್ಲಿ 222 ಅಂತಾರೆ. ಫಿಬೊನಾಚ್ಚಿ ಲೆಕ್ಕ (0.618 ಥರದ ಅನುಪಾತಗಳು) ಅವರದ್ದಲ್ಲ, ಅದನ್ನ ಆಮೇಲೆ ಲ್ಯಾರಿ ಪೆಸವೆಂಟೊ ಥರದವ್ರು ಸೇರ್ಸಿದ್ದು, ಬ್ಯಾಟ್ ಕ್ರ್ಯಾಬ್ ಶಾರ್ಕ್ ಇವೆಲ್ಲ ಸ್ಕಾಟ್ ಕಾರ್ನಿ ಕೊಟ್ಟಿದ್ದು. ಎಕ್ಸ್, ಎ, ಬಿ, ಸಿ, ಡಿ ಅಂತ ಐದು ಪಾಯಿಂಟ್. ಎಕ್ಸ್‌ನಿಂದ ಎಗೆ ಒಂದು ದೊಡ್ಡ ಮೂವ್, ಆಮೇಲೆ ಬಿ ತನಕ ವಾಪಸ್, ಸಿ ತನಕ ಮೇಲೆ, ಕೊನೇಗೆ ಡಿ ಹತ್ರ ತಿರುಗ್ಬಹುದು ಅನ್ನೋ ಅಂದಾಜು. ಎಕ್ಸ್‌ನಿಂದ ಎಗೆ ಹೋದ ಮೂವ್‌ನಲ್ಲಿ ಎಷ್ಟು ಪಾಲು ವಾಪಸ್ ಬಂತು ಅನ್ನೋದೇ ಈ ಅಂಕಿಗಳು: ಗಾರ್ಟ್ಲಿಲಿ ಬಿ 0.618, ಡಿ 0.786. ಬ್ಯಾಟಲ್ಲಿ ಬಿ 0.382ರಿಂದ 0.5, ಡಿ 0.886. ಬಟರ್‌ಫ್ಲೈ 1.27ಕ್ಕೆ, ಕ್ರ್ಯಾಬ್ 1.618ಕ್ಕೆ ಎಕ್ಸ್ ದಾಟಿ ಹೋಗತ್ವೆ.

ಈಗ ಅಸಲಿ ವಿಷ್ಯ. ಈ ಸ್ಕ್ಯಾನರ್ ಹಾಕಿ ಹಳೇ ಚಾರ್ಟ್ ನೋಡಿದ್ರೆ ಪ್ರತಿಯೊಂದು ಡಿನೂ ಕರೆಕ್ಟಾಗಿ ಬಾಟಮ್ಮಲ್ಲೇ ಕೂತಿರತ್ತೆ, ನೋಡಿದವ್ರು ಯಾರಾದ್ರೂ ದುಡ್ಡು ಕೊಟ್ಬಿಡ್ತಾರೆ. ಅದು ಹಾಗೆ ಕಾಣೋಕೆ ಕಾರಣ ಒಳಗಿರೋ ಜಿಗ್‌ಜ್ಯಾಗ್, ಅಂದ್ರೆ ಬೆಲೆಯ ಮೇಲಿನ ಕೆಳಗಿನ ತಿರುವುಗಳನ್ನ ಜೋಡಿಸೋ ಗೆರೆ. ಡಿ ಅಂತ ಗುರುತು ಹಾಕಿದ್ಮೇಲೂ ಬೆಲೆ ಇನ್ನೂ ಕೆಳಗೆ ಹೋದ್ರೆ ಜಿಗ್‌ಜ್ಯಾಗ್‌ನ ಕೊನೇ ಕಾಲು ಅದ್ರ ಜೊತೆಗೇ ಕೆಳಗೆ ಜಾರತ್ತೆ, ಗಾರ್ಟ್ಲಿ ಚಿತ್ರ ಅಳಿಸಿ ಹೋಗತ್ತೆ, ಸ್ವಲ್ಪ ಹೊತ್ತಿಗೆ ಅದೇ ಎಕ್ಸ್ ಅದೇ ಎ ಇಟ್ಕೊಂಡು ಕ್ರ್ಯಾಬ್ ಅಂತ ಹೊಸ ಚಿತ್ರ ಬಂದ್ರೂ ಬರ್ಬಹುದು, ಇಲ್ಲಾಂದ್ರೆ ಏನೂ ಇರಲ್ಲ. ಸೋತ ಪ್ಯಾಟರ್ನ್ ಚಾರ್ಟಲ್ಲಿ ಉಳಿಯೋದೇ ಇಲ್ಲ, ಗೆದ್ದಿದ್ದು ಮಾತ್ರ ಉಳಿಯತ್ತೆ. ಇದಕ್ಕೆ ರೀಪೇಂಟ್ ಅಂತಾರೆ. ಟ್ರೇಡಿಂಗ್‌ವ್ಯೂ ಅನ್ನೋ ಚಾರ್ಟ್ ಸೈಟಲ್ಲಿ ಬಾರ್ ರೀಪ್ಲೇ ಹಾಕಿ ಒಂದೊಂದೇ ಕ್ಯಾಂಡಲ್ (ಒಂದು ಅವಧಿಯ ಬೆಲೆ ತೋರ್ಸೋ ಕಡ್ಡಿ) ಮುಂದಕ್ಕೆ ತಳ್ಳಿ ನೋಡಿ, ಕಣ್ಣೆದುರಿಗೇ ಚಿತ್ರ ಬರೋದೂ ಮಾಯ ಆಗೋದೂ ಎರಡೂ ಕಾಣ್ಸತ್ತೆ. ದುಡ್ಡು ಕೊಡೋಕ್ ಮುಂಚೆ ಇದೊಂದು ಮಾಡಿ ಸಾಕು, ದಯವಿಟ್ಟು.

"ನಮ್ದು ರೀಪೇಂಟ್ ಆಗಲ್ಲ" ಅನ್ನೋ ಸ್ಕ್ಯಾನರ್‌ಗಳದ್ದು ಬೇರೆ ತೊಂದ್ರೆ. ಅವು ಪಿವಟ್ (ಬೆಲೆ ತಿರುಗಿದ ಪಾಯಿಂಟ್) ಕನ್ಫರ್ಮ್ ಆಗೋ ತನಕ ಕಾಯತ್ವೆ. ಬಲಗಡೆ ಐದು ಕ್ಯಾಂಡಲ್ ಅಂತ ಸೆಟ್ಟಿಂಗ್ ಇದ್ರೆ ನಾಲ್ಕು ಗಂಟೆ ಚಾರ್ಟಲ್ಲಿ ಅಲರ್ಟ್ ಬರೋದು ಡಿ ಆಗಿ 20 ಗಂಟೆ ಆದ್ಮೇಲೆ. ಅಷ್ಟೊತ್ತಿಗೆ ಬೆಲೆ ಎಲ್ಲಿರತ್ತೆ? ಎಕ್ಸ್ 100, ಎ 200 ಅಂತ ಇಟ್ಕೊಳ್ಳಿ. ಗಾರ್ಟ್ಲಿ ಡಿ 121.4ಕ್ಕೆ ಬರತ್ತೆ, ಸ್ಟಾಪ್ (ನಷ್ಟ ಒಪ್ಕೊಂಡು ಹೊರಗೆ ಬರೋ ಬೆಲೆ) ಎಕ್ಸ್ ಕೆಳಗೆ 98, ಟಾರ್ಗೆಟ್ ಎ ಇಂದ ಡಿ ತನಕದ ಇಳಿಕೆಯ 0.382 ಅಂದ್ರೆ ಸುಮಾರು 151.4. ರಿಸ್ಕ್ 23.4, ಲಾಭ 30. ಇಲ್ಲಿ ನೂರಕ್ಕೆ ಸುಮಾರು 44 ಟ್ರೇಡ್ ಗೆದ್ರೆ ಲಾಭ ನಷ್ಟ ಸರಿಸಮ, ಬ್ರೋಕರೇಜ್, ಸ್ಪ್ರೆಡ್ (ಕೊಳ್ಳೋ ಮಾರೋ ಬೆಲೆಗಳ ಅಂತರ) ಬಿಟ್ಟು. ಅದೇ ಅಲರ್ಟ್ ತಡವಾಗಿ 130ರಲ್ಲಿ ಬಂದ್ರೆ ರಿಸ್ಕ್ 32 ಆಯ್ತು, ಸಿಗೋದು 21.4, ಈಗ 60 ಗೆಲ್ಲಬೇಕು. ಪ್ಯಾಟರ್ನ್ ಅದೇ, ಟಾರ್ಗೆಟ್ ಅದೇ, ಸ್ಟಾಪ್ ಅದೇ, ಆದ್ರೂ ಲೆಕ್ಕ ಪೂರ್ತಿ ತಿರುಗ್ತು. ಸೇಲ್ಸ್ ಪೇಜಲ್ಲಿ ಹಾಕಿರೋ ವಿನ್ ರೇಟು ಡಿ ಬೆಲೆಗೇ ಎಂಟ್ರಿ ಸಿಕ್ತು ಅಂತ ಹಿಡಿದು ಮಾಡಿದ್ದಾ, ಅಲರ್ಟ್ ಬಂದ ಬೆಲೆಗಾ ಅಂತ ಕೇಳಿ. ನಾನು ಸಪೋರ್ಟ್‌ಗೆ ಮೇಲ್ ಹಾಕಿ ಕೇಳಿದೆ, ನೇರ ಉತ್ತರ ಇವತ್ತಿಗೂ ಬಂದಿಲ್ಲ. ಒಂದು ಸ್ಟಾರ್ ಕಟ್ ಆಗಿದ್ದು ಅದಕ್ಕೇ.

ಇನ್ನೊಂದು ಸ್ಟಾರ್ ಹೋಗಿದ್ದು ಟಾಲರೆನ್ಸ್ ಸೆಟ್ಟಿಂಗ್‌ಗೆ, ಅಂದ್ರೆ ಅನುಪಾತ ಎಷ್ಟು ಆಚೀಚೆ ಆದ್ರೂ ಒಪ್ಕೋಬೇಕು ಅನ್ನೋದಕ್ಕೆ. ಡೀಫಾಲ್ಟ್ ಆಗಿ 10% ಇಟ್ಟಿದಾರೆ, ಜಾಸ್ತಿ ಪ್ಯಾಟರ್ನ್ ಸಿಕ್ಕಿದ್ರೆ ಜನ ಖುಷಿ ಪಡ್ತಾರೆ ಅಂತಿರ್ಬೇಕು. ಕೂತು ಲೆಕ್ಕ ಹಾಕಿ ನೋಡಿ. ಬ್ಯಾಟ್‌ನ ಬಿ 0.344ರಿಂದ 0.55 ತನಕ ಹರಡತ್ತೆ, ಗಾರ್ಟ್ಲಿದು 0.556ರಿಂದ 0.68, ಬಟರ್‌ಫ್ಲೈದು 0.707ರಿಂದ 0.865, ಡೀಪ್ ಕ್ರ್ಯಾಬ್‌ದು (ಬಿ ಇನ್ನೂ ಆಳಕ್ಕೆ ಹೋಗೋ ಕ್ರ್ಯಾಬ್) 0.797ರಿಂದ 0.975. ಮಧ್ಯ ಉಳಿಯೋ ಚೂರುಪಾರು ಜಾಗದಲ್ಲೂ ಒಂದನ್ನ ಮಾಮೂಲಿ ಕ್ರ್ಯಾಬ್ ಮುಚ್ಚತ್ತೆ. ಅಂದ್ರೆ ಬೆಲೆ ಎಲ್ಲಿ ತನಕ ವಾಪಸ್ ಬಂದ್ರೂ ಹೆಚ್ಚುಕಮ್ಮಿ ಅದಕ್ಕೊಂದು ಹೆಸರು ರೆಡಿ ಇದೆ! ನಾಣ್ಯ ಚಿಮ್ಮಿ ಬಂದ ಫಲಿತಾಂಶದಿಂದ ಚಾರ್ಟ್ ಬರೆದ್ರೂ ಇದು ಪ್ಯಾಟರ್ನ್ ಹುಡುಕಿ ಕೊಡತ್ತೆ. 3%ಗೆ ಇಳಿಸಿದ್ರೆ ಗಾರ್ಟ್ಲಿ ಬಿ 0.599ರಿಂದ 0.637 ಒಳಗೆ ಬರಬೇಕಾಗತ್ತೆ, ಅಲರ್ಟ್ ತುಂಬಾ ಕಮ್ಮಿ ಆಗತ್ತೆ, ಕೆಲವು ದಿನ ಬರೋದೇ ಇಲ್ಲ, ಅದು ಒಳ್ಳೇದು.

ಇಷ್ಟೆಲ್ಲ ಬೈದು ಯಾಕೆ ಇನ್ನೂ ಬಳಸ್ತೀಯ ಅಂದ್ರೆ, ಇದರಲ್ಲಿ ಪ್ರೊಜೆಕ್ಷನ್ ಅಂತ ಒಂದು ಮೋಡ್ ಇದೆ, ಅದು ನಿಜವಾಗ್ಲೂ ಬೆಲೆಬಾಳೋದು. ಎಕ್ಸ್ ಎ ಬಿ ಸಿ ನಾಲ್ಕೂ ಕನ್ಫರ್ಮ್ ಆದ್ಮೇಲೆ ಡಿ ಎಲ್ಲಿ ಬರ್ಬಹುದು ಅನ್ನೋ ಜಾಗನ, ಪಿಆರ್‌ಜೆಡ್ (ಪೊಟೆನ್ಶಿಯಲ್ ರಿವರ್ಸಲ್ ಝೋನ್) ಅಂತಾರಲ್ಲ ಅದನ್ನ, ಬೆಲೆ ಅಲ್ಲಿಗೆ ತಲುಪೋಕ್ ಮುಂಚೇನೇ ಗೆರೆ ಹಾಕಿ ತೋರ್ಸತ್ತೆ. ಇಲ್ಲಿ ಮೋಸ ಆಗೋಕೆ ಜಾಗ ಇಲ್ಲ, ಬೆಲೆ ಸಿ ದಾಟಿ ಮೇಲೆ ಹೋದ್ರೆ ಪ್ಯಾಟರ್ನ್ ರದ್ದು, ಎಕ್ಸ್ ಕೆಳಗೆ ಹೋದ್ರೆ ನನ್ನ ಊಹೆ ತಪ್ಪು, ಎರಡೂ ಎಂಟ್ರಿಗೆ ಮುಂಚೆನೇ ಗೊತ್ತು. ಎಷ್ಟು ಕ್ವಾಂಟಿಟಿ ತಗೋಬೇಕು, ತಪ್ಪಾದ್ರೆ ಎಷ್ಟು ಹೋಗತ್ತೆ ಅಂತ ಶಾಂತವಾಗಿ ಕೂತು ಲೆಕ್ಕ ಹಾಕೋಕೆ ಟೈಮ್ ಸಿಗತ್ತೆ. ನನ್ನ ಪ್ರಕಾರ ಹಾರ್ಮೋನಿಕ್ಸ್‌ನ ಪೂರ್ತಿ ಉಪಯೋಗ ಇದೇನೇ, ಬೆಲೆ ತಿರುಗತ್ತೆ ಅಂತ ಭವಿಷ್ಯ ಹೇಳೋದಲ್ಲ, ಎಲ್ಲಿ ನಾನು ತಪ್ಪು ಅನ್ನೋದನ್ನ ಹತ್ರದಲ್ಲೇ ಗುರುತು ಮಾಡ್ಕೊಡೋದು.

ಅದಕ್ಕೇ ನಂಗೆ ಬ್ಯಾಟ್ ಇಷ್ಟ. ಅದೇ 100, 200 ಲೆಕ್ಕದಲ್ಲಿ ಬ್ಯಾಟ್ ಡಿ 111.4, ಸ್ಟಾಪ್ ಅದೇ 98, ರಿಸ್ಕ್ ಬರೀ 13.4, ಟಾರ್ಗೆಟ್ 145ರ ಆಸುಪಾಸು, ಒಂದಕ್ಕೆ ಎರಡೂವರೆ ಸಿಗತ್ತೆ. ಬಟರ್‌ಫ್ಲೈ, ಕ್ರ್ಯಾಬ್ ಆಫ್ ಮಾಡಿದೀನಿ, ಯಾಕಂದ್ರೆ ಅವು ಆಗ್ಲೇ ಎಕ್ಸ್ ದಾಟಿರೋದ್ರಿಂದ ಸ್ಟಾಪ್‌ಗೆ ಅಂತ ಸಹಜವಾದ ಜಾಗನೇ ಇರಲ್ಲ, ಎಲ್ಲಿಟ್ರೂ ಅಂದಾಜೇ, ಜೊತೆಗೆ ಬೆಲೆ ಎಕ್ಸ್ ಮುರ್ಕೊಂಡು ಹೋಗ್ತಿದೆ ಅಂದ್ರೆ ಜೋರು ಟ್ರೆಂಡ್ ಇರೋ ಸಾಧ್ಯತೆನೂ ಇದೆ. ದೊಡ್ಡ ನ್ಯೂಸ್ ಇರೋ ದಿನ ಯಾವ ಪಿಆರ್‌ಜೆಡ್‌ನೂ ನಂಬಲ್ಲ, ಬಡ್ಡಿ ದರದ ಘೋಷಣೆ ಬಂದಾಗ ಬೆಲೆ ಅದರ ಮಧ್ಯದಿಂದ ತೂರ್ಕೊಂಡೇ ಹೋಗತ್ತೆ. ಐದು ನಿಮಿಷದ ಚಾರ್ಟೂ ಬೇಡ, ರಿಸ್ಕ್ ಅಷ್ಟು ಚಿಕ್ಕದಿದ್ದಾಗ ಸ್ಪ್ರೆಡ್ಡೇ ದೊಡ್ಡ ಪಾಲು ತಿಂದ್ಹಾಕತ್ತೆ.

ಕಲೀತಿರೋರು ಸ್ಕ್ಯಾನರ್ ತಗೋಳೋಕೇ ಹೋಗ್ಬೇಡಿ. ಟ್ರೇಡಿಂಗ್‌ವ್ಯೂನಲ್ಲಿ ಎಕ್ಸ್‌ಎಬಿಸಿಡಿ ಡ್ರಾಯಿಂಗ್ ಟೂಲ್ ಇದೆ, ಐದು ಕ್ಲಿಕ್ ಮಾಡಿದ್ರೆ ರೇಶಿಯೋ ತಾನೇ ಬರತ್ತೆ. ಯಾವ ತಿರುವನ್ನ ಎಕ್ಸ್ ಅಂತ ಹಿಡೀಬೇಕು ಅನ್ನೋದು ಇದರಲ್ಲಿ ಕಷ್ಟದ ಭಾಗ, ಅದು ಕೈಯಾರೆ ಗೆರೆ ಎಳೆದ್ರೆ ಮಾತ್ರ ಬರೋದು. ಕೈಯಲ್ಲಿ ಚೆನ್ನಾಗಿ ಬಂದ್ಮೇಲೆ, ತುಂಬಾ ಚಾರ್ಟ್ ಒಟ್ಟಿಗೆ ಕಾಯಬೇಕು ಅನ್ನೋರಿಗೆ ಸ್ಕ್ಯಾನರ್ ಟೈಮ್ ಉಳಿಸತ್ತೆ, ಆ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಡೆವಲಪರ್ಸ್ ಇದನ್ನ ಓದಿದ್ರೆ ನನ್ನ ಬೇಡಿಕೆ ಒಂದೇ. ಅಲರ್ಟ್ ಕೊಟ್ಟು ಆಮೇಲೆ ಅಳಿಸಿದ ಪ್ಯಾಟರ್ನ್‌ಗಳನ್ನೂ ಬೂದು ಬಣ್ಣದಲ್ಲಿ ಚಾರ್ಟ್ ಮೇಲೆ ಉಳಿಸಿ, ಅಲರ್ಟ್ ಹೋದ ಟೈಮು ಬೆಲೆ ಎರಡನ್ನೂ ಪಕ್ಕದಲ್ಲಿ ಬರೀರಿ, ಅವತ್ತೇ ಬಂದು ಐದು ಸ್ಟಾರ್‌ಗೆ ಬದಲಾಯಿಸ್ತೀನಿ.