ಭಾರಿ ವಾಹನಗಳ ಕೆಲಸವನ್ನು ಎಲ್ಲಿ ಕಲಿಯಬೇಕು? ಗ್ಯಾರೇಜು, ತರಬೇತಿ ಸಂಸ್ಥೆ, ಡೀಲರ್ ವರ್ಕ್‌ಶಾಪ್, ಡಿಪೋ: ಒಂದು ಹೋಲಿಕೆ

ಲಾರಿ, ಬಸ್ಸುಗಳ ರಿಪೇರಿಯನ್ನು ಜೀವನದ ವೃತ್ತಿಯಾಗಿ ಆರಿಸಿಕೊಳ್ಳಲು ಬಯಸುವ ಯುವಕ ಯುವತಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಉಸ್ತಾದರೊಬ್ಬರ ಕೈಕೆಳಗೆ ಗ್ಯಾರೇಜಿನಲ್ಲಿ ಕಲಿಯುವುದು ಒಳ್ಳೆಯದೋ, ತರಬೇತಿ ಸಂಸ್ಥೆಗೆ ಸೇರುವುದೋ, ಇಲ್ಲವೇ ವಾಹನ ತಯಾರಕರ ಅಧಿಕೃತ ಡೀಲರ್ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗುವುದೋ? ಈ ಮೂರು ಕಡೆಯೂ ನಾನು ಕಲಿತಿದ್ದೇನೆ. ನಾಲ್ಕನೆಯದಾಗಿ ಸಾರಿಗೆ ಸಂಸ್ಥೆಯೊಂದರ ಡಿಪೋ ಸೇರಿ ಅಲ್ಲಿಯೇ ನೆಲೆಯೂರಿದ್ದೇನೆ. ಇವುಗಳನ್ನು ಹೋಲಿಸುವಾಗ ಸಂಬಳ, ಪ್ರಮಾಣಪತ್ರಗಳಿಗಿಂತ ಮೊದಲು ನಾನು ನೋಡುವುದು, ನಾನು ಮಾಡಿದ ತಪ್ಪು ಅಲ್ಲಿ ನನಗೆ ಎಷ್ಟು ಬೇಗ ಮತ್ತು ಎಷ್ಟು ಸ್ಪಷ್ಟವಾಗಿ ಗೊತ್ತಾಯಿತು ಎಂಬುದನ್ನು. ಹತ್ತಾರು ಟನ್ ತೂಕದ ವಾಹನದಲ್ಲಿ ಮೆಕ್ಯಾನಿಕ್ ಮಾಡಿದ ತಪ್ಪಿನ ಫಲವನ್ನು ಚಾಲಕನೂ ಎದುರಿಗೆ ಬರುವವರೂ ಉಣ್ಣಬೇಕಾಗುತ್ತದೆ.

ಗ್ಯಾರೇಜಿನಲ್ಲಿ ತಪ್ಪು ಆ ಕ್ಷಣದಲ್ಲೇ ತಿಳಿಯುತ್ತದೆ. ಸೇರಿದ ಮೊದಲ ತಿಂಗಳಿನಲ್ಲಿ ಹಿಂದಿನ ಆಕ್ಸಲ್‌ನ ಸ್ಪ್ರಿಂಗ್ ಬ್ರೇಕ್ ಚೇಂಬರ್ (ಗಾಳಿಯ ಒತ್ತಡ ಇಲ್ಲವಾದಾಗ ಸ್ಪ್ರಿಂಗಿನ ಬಲದಿಂದ ಬ್ರೇಕ್ ಹಿಡಿಸುವ ಡಬ್ಬಿ) ಬಿಚ್ಚಲೆಂದು ನಾನು ಅದರ ಕ್ಲ್ಯಾಂಪಿಗೆ ಪಾನಾ ಹಾಕಿದ್ದೆ. ಉಸ್ತಾದರು ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದರು. ಟ್ಯಾಂಕಿನ ಗಾಳಿಯೆಲ್ಲ ಖಾಲಿಯಾದ ಮೇಲೂ ಆ ಚೇಂಬರಿನ ಒಳಗೆ ದಪ್ಪ ಸ್ಪ್ರಿಂಗ್ ಕುಗ್ಗಿಕೊಂಡೇ ಕುಳಿತಿರುತ್ತದೆ. ಕೇಜಿಂಗ್ ಬೋಲ್ಟ್ ಹಾಕಿ ಅದನ್ನು ಬಂಧಿಸದೆ ಕ್ಲ್ಯಾಂಪ್ ಸಡಿಲಿಸಿದರೆ ಮುಚ್ಚಳ ಸಿಡಿದು ಎದುರಿಗಿದ್ದವನ ಜೀವ ತೆಗೆಯಬಲ್ಲದು. ಅವರು ಬೈಯಲಿಲ್ಲ, ಬೋಲ್ಟನ್ನು ನನ್ನ ಕೈಗೆ ಕೊಟ್ಟು ನನ್ನಿಂದಲೇ ಹಾಕಿಸಿದರು. ಅದು ನಾನು ಯಾವ ಪುಸ್ತಕದಿಂದಲೂ ಅಷ್ಟು ಗಟ್ಟಿಯಾಗಿ ಕಲಿಯಲಾರದ ಪಾಠ. ಬೇರಿಂಗಿನ ಸದ್ದಿನಲ್ಲಿರುವ ಒರಟುತನ, ತುಕ್ಕು ಹಿಡಿದ ನಟ್ಟು ಮುರಿಯುವ ಮೊದಲು ಕೈಗೆ ಕೊಡುವ ಸೂಚನೆ, ಕ್ಲಚ್ ಸುಟ್ಟ ವಾಸನೆಗೂ ಬ್ರೇಕ್ ಲೈನರ್ ಸುಟ್ಟ ವಾಸನೆಗೂ ಇರುವ ವ್ಯತ್ಯಾಸ, ಇವೆಲ್ಲ ನನಗೆ ಬಂದದ್ದು ಅಲ್ಲಿಂದಲೇ.

ಆದರೆ ಗ್ಯಾರೇಜು ಏನು ಮಾಡಬೇಕೆಂದು ಹೇಳಿಕೊಟ್ಟಷ್ಟು ಏಕೆ ಮಾಡಬೇಕೆಂದು ಹೇಳಿಕೊಡಲಿಲ್ಲ. ಬ್ರೇಕ್ ಸಡಿಲವಾಗಿದೆ ಎಂದು ಚಾಲಕ ಹೇಳಿದೊಡನೆ ನಾವು ವಾಹನದ ಕೆಳಗೆ ನುಗ್ಗಿ ಬ್ರೇಕ್ ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರನ್ನು ಬಿಗಿಗೊಳಿಸಿ ಕಳುಹಿಸುತ್ತಿದ್ದೆವು. ಹಳೆಯ ಕೈ ಅಡ್ಜಸ್ಟರಿಗೆ ಅದು ಸರಿಯಾದ ಕ್ರಮವೇ. ತನ್ನಷ್ಟಕ್ಕೆ ಹೊಂದಿಕೊಳ್ಳುವ ಆಟೋಮ್ಯಾಟಿಕ್ ಅಡ್ಜಸ್ಟರ್ ಬಂದ ಮೇಲೂ ನಾವು ಅದನ್ನೇ ಮುಂದುವರಿಸಿದೆವು. ಅಂಥ ಅಡ್ಜಸ್ಟರಿನಲ್ಲಿ ಸ್ಟ್ರೋಕ್, ಅಂದರೆ ಬ್ರೇಕ್ ಒತ್ತಿದಾಗ ಚೇಂಬರಿನ ದಂಡ ಚಲಿಸುವ ದೂರ, ಹೆಚ್ಚಾಗಿದೆಯೆಂದರೆ ಅಡ್ಜಸ್ಟರೇ ಕೆಟ್ಟಿರಬೇಕು, ಇಲ್ಲವೇ ಬುಶ್, ಕ್ಯಾಮ್, ಡ್ರಮ್ಮುಗಳಲ್ಲಿ ಸವೆತವಿರಬೇಕು. ಕೈಯಿಂದ ಬಿಗಿಗೊಳಿಸಿದರೆ ದೋಷ ಕೆಲವು ದಿನ ಮರೆಯಾಗಿ ಮತ್ತೆ ಮರಳುತ್ತದೆ. ಇದನ್ನು ನಾನು ತಿಳಿದದ್ದು ವರ್ಷಗಳ ಅನಂತರ, ತರಬೇತಿ ಸಂಸ್ಥೆಯಲ್ಲಿ. ಆ ನಡುವೆ ನನ್ನ ಕೈಯಿಂದ ಹಾಗೆ ಹೊರಟುಹೋದ ವಾಹನಗಳನ್ನು ನೆನೆದರೆ ಈಗಲೂ ಮನಸ್ಸು ಕಸಿವಿಸಿಗೊಳ್ಳುತ್ತದೆ.

ತರಬೇತಿ ಸಂಸ್ಥೆಯ ದೊಡ್ಡ ಕೊಡುಗೆ ಅಳತೆಯ ಶಿಸ್ತು. ಊಹೆಯಿಂದ ಬಿಡಿಭಾಗ ಬದಲಾಯಿಸುವ ಚಟವನ್ನು ಅದು ನನ್ನಿಂದ ಬಿಡಿಸಿತು. 24 ವೋಲ್ಟಿನ ಮಂಡಲದಲ್ಲಿ ಸ್ಟಾರ್ಟರ್ ತಿರುಗುತ್ತಿರುವಾಗಲೇ ಕೇಬಲಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಸೋರಿಹೋಗುತ್ತಿದೆ ಎಂದು ನೋಡುವುದು, ಇಂಜೆಕ್ಟರುಗಳಿಗೆಲ್ಲ ಡೀಸೆಲ್ ಹಂಚುವ ಕಾಮನ್ ರೈಲ್ ಕೊಳವೆಯಲ್ಲಿ ಒತ್ತಡ 2,000 ಬಾರ್ ಮುಟ್ಟುವುದರಿಂದ ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ಹುಡುಕುವುದು, ದೋಷಸಂಕೇತವು ಯಾವ ಅಂಗದ ಬಗ್ಗೆ ಮಾತಾಡುತ್ತಿದೆ ಮತ್ತು ಅದರಲ್ಲಿ ಯಾವ ಬಗೆಯ ಕೆಡುಕನ್ನು ಹೇಳುತ್ತಿದೆ ಎಂಬುದನ್ನು ಬೇರೆ ಬೇರೆಯಾಗಿ ಓದುವುದು, ಇವು ಅಲ್ಲಿ ಅಭ್ಯಾಸವಾದವು. ಕೊರತೆಯೂ ಅಷ್ಟೇ ನಿಚ್ಚಳ. ಅಲ್ಲಿನ ಎಂಜಿನ್ನು ಬಣ್ಣ ಬಳಿದುಕೊಂಡು ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ; ನೂರು ಬಾರಿ ಬಿಚ್ಚಿದ ನಟ್ಟು ಬೆರಳಿಗೇ ಬರುತ್ತದೆ; ದೋಷವನ್ನು ಶಿಕ್ಷಕರೇ ಇಟ್ಟಿರುವುದರಿಂದ ಉತ್ತರ ಇದ್ದೇ ಇದೆ ಎಂಬ ಧೈರ್ಯ ವಿದ್ಯಾರ್ಥಿಗಿರುತ್ತದೆ. ನಿಜವಾದ ಕೆಲಸದಲ್ಲಿ ಆ ಧೈರ್ಯಕ್ಕೆ ಜಾಗವಿಲ್ಲ.

ಡೀಲರ್ ವರ್ಕ್‌ಶಾಪಿನ ವಿಷಯದಲ್ಲಿ ನನ್ನ ನಿರೀಕ್ಷೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ತಯಾರಕರ ವೈರಿಂಗ್ ನಕ್ಷೆ, ಬೋಲ್ಟುಗಳನ್ನು ಯಾವ ಕ್ರಮದಲ್ಲಿ, ಎಷ್ಟು ಟಾರ್ಕಿಗೆ (ತಿರುಚುವ ಬಲಕ್ಕೆ), ಅನಂತರ ಎಷ್ಟು ಡಿಗ್ರಿ ಕೋನಕ್ಕೆ ತಿರುಗಿಸಬೇಕೆಂಬ ವಿವರ, ತಪಾಸಣೆಯ ಸಾಫ್ಟ್‌ವೇರ್, ಎಲ್ಲವೂ ಕೈಗೆಟುಕುವಂತಿರುವುದು ಅಲ್ಲಿ ಮಾತ್ರ. ಹೊಗೆ ಶುದ್ಧೀಕರಣದ ಪಾಠವನ್ನು ಅಲ್ಲಿ ಕಲಿತಷ್ಟು ಚೆನ್ನಾಗಿ ನಾನು ಬೇರೆಲ್ಲಿಯೂ ಕಲಿಯಲಿಲ್ಲ: 32.5 ಪ್ರತಿಶತ ಯೂರಿಯಾ ಇರುವ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಸಿಂಪಡಿಸುವ ದ್ರಾವಣದ ಶುದ್ಧತೆ ತಪ್ಪಿದರೆ ಏನಾಗುತ್ತದೆ, ಮಸಿ ಹಿಡಿಯುವ ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿಯನ್ನು ಸುಡುವ ಕ್ರಿಯೆ ಅರ್ಧಕ್ಕೇ ಏಕೆ ನಿಲ್ಲುತ್ತದೆ ಎಂಬುದೆಲ್ಲ ಅಲ್ಲಿ ದಿನನಿತ್ಯದ ಮಾತು. ಆದರೆ ಪ್ರತಿ ಕೆಲಸಕ್ಕೂ ಗೊತ್ತುಮಾಡಿದ ಗಂಟೆಯ ಲೆಕ್ಕವಿತ್ತು. ಹೊಸಬನಾದ ನನಗೆ ಬಹುಕಾಲ ಎಣ್ಣೆ, ಫಿಲ್ಟರ್, ಗ್ರೀಸಿನ ಕೆಲಸವೇ ಬಂತು. ಕಠಿಣವಾದ ದೋಷಗಳು ಹಿರಿಯರಿಗೆ ಹೋಗುತ್ತಿದ್ದವು, ಅವರಿಗೂ ನಿಂತು ವಿವರಿಸುವಷ್ಟು ಬಿಡುವು ಇರುತ್ತಿರಲಿಲ್ಲ. ಅಲ್ಲದೆ ಒಂದೇ ಬ್ರಾಂಡಿನ ವಾಹನಗಳಿಗೆ ಒಗ್ಗಿದ ಕಣ್ಣು ಇನ್ನೊಂದರ ಮುಂದೆ ತಡವರಿಸುತ್ತದೆ.

ಇಲ್ಲಿ ವಿದ್ಯುತ್ ಲಾರಿ, ಬಸ್ಸುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅವುಗಳ ಬ್ಯಾಟರಿ ನೂರಾರು ವೋಲ್ಟಿನದು, ಹಲವುಗಳಲ್ಲಿ 600ರಿಂದ 800 ವೋಲ್ಟಿನವರೆಗೆ ಇರುತ್ತದೆ. ಸಂಪರ್ಕ ಕಡಿದು, ಬೀಗ ಹಾಕಿ, ಕೆಪ್ಯಾಸಿಟರುಗಳು ಖಾಲಿಯಾಗುವವರೆಗೆ ಕಾದು, ವೋಲ್ಟೇಜ್ ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಹೆಚ್ಚಿನ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಕು. ಇದನ್ನು ನೋಡಿ ನೋಡಿ ಕಲಿಯುವಂತಿಲ್ಲ, ಏಕೆಂದರೆ ಉಸ್ತಾದರ ಕಿವಿ, ಮೂಗುಗಳಿಗೆ ಈ ಅಪಾಯ ಮೊದಲೇ ಸುಳಿವು ಕೊಡುವುದಿಲ್ಲ. ಕ್ರಮಬದ್ಧ ತರಬೇತಿ ಇಲ್ಲದ ಕಡೆ ಈ ವಾಹನಗಳಿಗೆ ಕೈ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಡಿಪೋವಿನ ವೈಶಿಷ್ಟ್ಯವೆಂದರೆ ನಾನು ರಿಪೇರಿ ಮಾಡಿದ ವಾಹನ ಮತ್ತೆ ನನ್ನ ಕಣ್ಣೆದುರಿಗೇ ಬರುವುದು. ಗ್ಯಾರೇಜಿನಿಂದ ಹೊರಟ ಲಾರಿ ಮತ್ತೆ ಬರದಿದ್ದರೆ ಅದು ಸರಿಯಾಯಿತೋ, ಇನ್ನೊಬ್ಬರ ಬಳಿಗೆ ಹೋಯಿತೋ ತಿಳಿಯುತ್ತಿರಲಿಲ್ಲ. ಒಮ್ಮೆ ಡಿಪೋದ ಬಸ್ಸೊಂದರಲ್ಲಿ ಓಡುತ್ತಿರುವಾಗಲೇ ಮೀಟರುಗಳ ಮುಳ್ಳುಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದು ಮತ್ತೆ ಏಳುತ್ತಿದ್ದವು; ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳ ನಿಯಂತ್ರಣ ಘಟಕಗಳು ಪರಸ್ಪರ ಸಂದೇಶ ತಲುಪುತ್ತಿಲ್ಲವೆಂದು ದೂರುತ್ತಿದ್ದವು. ಇದೇ ಲಕ್ಷಣದ ಲಾರಿಯೊಂದಕ್ಕೆ ಗ್ಯಾರೇಜಿನ ದಿನಗಳಲ್ಲಿ ನಾವು ಎರಡು ಸೆನ್ಸರ್ ಬದಲಾಯಿಸಿ ಕೈಚೆಲ್ಲಿದ್ದೆವು. ಈ ಬಾರಿ ನಾನು ಬ್ಯಾಟರಿ ಸಂಪರ್ಕ ತೆಗೆದು, ತಪಾಸಣಾ ಕನೆಕ್ಟರಿನ ಎರಡು ಕ್ಯಾನ್ ತಂತಿಗಳ (ಈ ಘಟಕಗಳು ಸಂದೇಶ ಕಳುಹಿಸುವ ಜಾಲದ ತಂತಿಗಳ) ನಡುವೆ ಮಲ್ಟಿಮೀಟರ್ ಹಿಡಿದೆ. ಜಾಲದ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಸಮಾಂತರವಾಗಿ ಇರುವುದರಿಂದ ಮೀಟರು 60 ತೋರಿಸಬೇಕಿತ್ತು, 120ರ ಸಮೀಪ ನಿಂತಿತು. ಒಂದು ತುದಿ ಕಡಿದಿದೆ ಎಂದಾಯಿತು. ಹಿಂಭಾಗದ ಕನೆಕ್ಟರ್ ಬಿಚ್ಚಿದಾಗ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಎಲ್ಲಿ ಅಳೆಯಬೇಕೆಂದು ಸಂಸ್ಥೆ ಹೇಳಿಕೊಟ್ಟಿತ್ತು, ನೀರು ಎಲ್ಲಿ ನುಗ್ಗುತ್ತದೆಂದು ಗ್ಯಾರೇಜು ಹೇಳಿಕೊಟ್ಟಿತ್ತು. ಅದೇ ಬಸ್ಸು ತಿಂಗಳುಗಟ್ಟಲೆ ದೂರಿಲ್ಲದೆ ಓಡುವುದನ್ನು ಕಂಡ ಮೇಲೆ ನನ್ನ ತೀರ್ಮಾನ ಸರಿಯೆಂಬ ನಂಬಿಕೆ ಬಂತು.

ಆದಾಯದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಗ್ಯಾರೇಜಿನಲ್ಲಿ ಸ್ವಂತ ಅಂಗಡಿ ತೆರೆಯುವ ದಾರಿ ಹತ್ತಿರ, ಡೀಲರಲ್ಲಿ ತಪಾಸಣಾ ತಜ್ಞ, ವಾರಂಟಿ ವಿಭಾಗ, ತರಬೇತುದಾರ ಎಂಬ ಮೆಟ್ಟಿಲುಗಳಿವೆ, ಡಿಪೋದಲ್ಲಿ ಕೆಲಸ ಸ್ಥಿರ, ಆದರೆ ರಾತ್ರಿಪಾಳಿ ತಪ್ಪುವುದಿಲ್ಲ.

ಒಂದನ್ನೇ ಆರಿಸಬೇಕೆಂದರೆ, ಕೆಲಸ ಮತ್ತು ತರಗತಿ ಎರಡನ್ನೂ ಸರದಿಯಲ್ಲಿ ನಡೆಸುವ ಅಪ್ರೆಂಟಿಸ್ ತರಬೇತಿಗೆ ನನ್ನ ಮತ. ಜರ್ಮನಿಯಲ್ಲಿ ಈ ವೃತ್ತಿಗೆ ಮೂರೂವರೆ ವರ್ಷ ಹಾಗೆಯೇ ಕಲಿಸುತ್ತಾರೆ. ಅದು ಸಿಗದವರು ಮೊದಲು ಸಂಸ್ಥೆಗೆ ಸೇರಿ, ರಜೆಯಲ್ಲಿ ಗ್ಯಾರೇಜಿನಲ್ಲಿ ಕೈ ಕೊಳೆ ಮಾಡಿಕೊಂಡು, ಅನಂತರ ಡಿಪೋ ಹುಡುಕಲಿ. ಡೀಲರ್ ವರ್ಕ್‌ಶಾಪಿಗೆ ಎರಡು ಮೂರು ವರ್ಷಗಳ ಅನುಭವವಾದ ಮೇಲೆ ಹೋದರೆ ಅಲ್ಲಿನ ಮಾಹಿತಿಯ ಪೂರ್ಣ ಪ್ರಯೋಜನ ದೊರೆಯುತ್ತದೆ. ಎಲ್ಲಿಗೆ ಸೇರುವುದಿದ್ದರೂ ಒಂದು ದಿನ ಹೋಗಿ ನಿಂತು ನೋಡಿ. ಚಕ್ರದ ನಟ್ಟುಗಳನ್ನು ಗನ್ನಿನಿಂದ ಬಿಗಿದು ಬಿಡುತ್ತಾರೋ, ಟಾರ್ಕ್ ರೆಂಚಿನಿಂದ ಮುಗಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಪರೀಕ್ಷಿಸಲು ಚಾಲಕನಿಗೆ ಹೇಳುತ್ತಾರೋ ಗಮನಿಸಿ. ಅದೇ ದೂರಿನೊಂದಿಗೆ ಮರಳಿ ಬಂದ ವಾಹನವನ್ನು ಮೊದಲು ಮುಟ್ಟಿದವರಿಗೇ ಕೊಡುತ್ತೀರಾ ಎಂದು ಅಲ್ಲಿನ ಮೇಲ್ವಿಚಾರಕರನ್ನು ಕೇಳಿ.