ಉಜುಮಾಕಿ: ಪುಸ್ತಕ, ಸಿನಿಮಾ, ಸರಣಿ. ಮೂರರಲ್ಲಿ ಯಾವುದು ಸುಳಿಗೆ ಎಳೆಯುತ್ತದೆ?

ಒಬ್ಬ ಗಂಡಸು ಗಲ್ಲಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಎದುರಿನ ಗೋಡೆಯ ಮೇಲೆ ಒಂದು ಬಸವನಹುಳು. ಅದರ ಚಿಪ್ಪನ್ನೇ ನೋಡುತ್ತಿದ್ದಾನೆ. ದಾರಿಯಲ್ಲಿ ಹೋಗುವ ಪರಿಚಯದ ಹುಡುಗಿ ಮಾತಾಡಿಸಿದರೂ ತಲೆ ಎತ್ತುವುದಿಲ್ಲ. ಜುಂಜಿ ಇಟೊ ಬರೆದು ಚಿತ್ರಿಸಿದ 'ಉಜುಮಾಕಿ'ಯಲ್ಲಿ ಮೊದಲ ಭಯ ಹುಟ್ಟುವುದು ಇಲ್ಲೇ. ರಕ್ತ ಇಲ್ಲ, ದೆವ್ವ ಇಲ್ಲ, ಕತ್ತಲೆ ಕೂಡ ಇಲ್ಲ.

ಈ ಮನುಷ್ಯನನ್ನು ನಾನು ಮೂರು ಕಡೆ ನೋಡಿದ್ದೇನೆ. ಮೊದಲು ಮಂಗಾದಲ್ಲಿ, ಅಂದರೆ ಮೂಲ ಚಿತ್ರಕಥೆಯ ಪುಸ್ತಕದಲ್ಲಿ. ಆಮೇಲೆ 2000ದಲ್ಲಿ ತೆರೆಗೆ ಬಂದ ಜಪಾನಿ ಸಿನಿಮಾದಲ್ಲಿ, ಅದು ನಿಜವಾದ ನಟರು ನಟಿಸಿದ್ದು. ಕೊನೆಗೆ 2024ರಲ್ಲಿ ಬಂದ ನಾಲ್ಕು ಕಂತಿನ ಅನಿಮೇಷನ್ ಸರಣಿಯಲ್ಲಿ. ಪುಸ್ತಕವನ್ನು ಎರಡು ಸಲ ಓದಿದೆ. ಸಿನಿಮಾವನ್ನೂ ಎರಡು ಸಲ ನೋಡಿದೆ, ಎರಡನೇ ಸಲ ತಮ್ಮನ ಜೊತೆ. ಅವನು ಪುಸ್ತಕ ಮುಟ್ಟಿರಲಿಲ್ಲ. ಒಂದೇ ಕಥೆ ಓದಿದವರಿಗೆ ಹೇಗೆ ಕಾಣುತ್ತದೆ, ಓದದವರಿಗೆ ಹೇಗೆ ಕಾಣುತ್ತದೆ ಅಂತ ಅವನಿಂದ ನನಗೆ ಗೊತ್ತಾಯಿತು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕುರೌಜು ಅನ್ನುವುದು ಸಮುದ್ರದ ದಡದ ಒಂದು ಸಣ್ಣ ಊರು. ಕಿರಿಯೆ ಅಲ್ಲಿನ ಹೈಸ್ಕೂಲು ಹುಡುಗಿ, ಅವಳ ಅಪ್ಪ ಕುಂಬಾರಿಕೆ ಮಾಡುವವರು. ಅವಳ ಗೆಳೆಯ ಶುಯಿಚಿ ಪಕ್ಕದ ಊರಿನ ಶಾಲೆಗೆ ಹೋಗಿಬರುತ್ತಾನೆ. ಹಾಗಾಗಿ ಸಂಜೆ ರೈಲಿಳಿದ ಕೂಡಲೇ ಅವನಿಗೆ ಈ ಊರು ಸರಿಯಿಲ್ಲ ಅನ್ನಿಸುತ್ತದೆ. ಊರಿಗೆ ಹಿಡಿದಿರುವುದು ಯಾವುದೋ ಭೂತವಲ್ಲ. ಒಂದು ಆಕಾರ, ಅಷ್ಟೇ. ಸುರುಳಿ. ಬಸವನಹುಳುವಿನ ಹತ್ತಿರ ಕೂತವರು ಶುಯಿಚಿಯ ಅಪ್ಪ.

'ಉಜುಮಾಕಿ' ಅನ್ನುವ ಪದವನ್ನು ಇಂಗ್ಲಿಷಿನವರು ಸ್ಪೈರಲ್ ಅಂತ ಮಾಡಿಕೊಂಡಿದ್ದಾರೆ. ಅದು ಜ್ಯಾಮಿತಿ ಪುಸ್ತಕದ ಪದದ ಹಾಗೆ ಕೇಳಿಸುತ್ತದೆ. ನಮ್ಮ 'ಸುಳಿ' ಇದಕ್ಕೆ ತುಂಬಾ ಹತ್ತಿರದ್ದು. ಜಪಾನಿ ಪದದಲ್ಲೂ ನೀರಿನ ಸುಳಿ ಇದೆ. ನಮಗೆ ಹೊಳೆಯಲ್ಲಿ ತಿರುಗುವುದೂ ಸುಳಿ, ಮಗುವಿನ ನೆತ್ತಿಯ ಮೇಲಿರುವುದೂ ಸುಳಿ. ಎತ್ತು ಕೊಳ್ಳುವವರು ಮೈಮೇಲಿನ ಸುಳಿ ನೋಡಿಯೇ ವ್ಯಾಪಾರ ಮಾಡುತ್ತಾರೆ. ಒಳ್ಳೇ ಸುಳಿ, ಕೆಟ್ಟ ಸುಳಿ ಅಂತ ಇರುತ್ತದಲ್ವಾ? ಒಂದು ಆಕಾರಕ್ಕೆ ಶಕ್ತಿ ಇದೆ ಅಂತ ನಂಬಿಸಲು ಕನ್ನಡದವರಿಗೆ ಇಟೊ ಜಾಸ್ತಿ ಕಷ್ಟಪಡಬೇಕಾಗಿಲ್ಲ. ನನಗಂತೂ ಮೊದಲ ಅಧ್ಯಾಯದಲ್ಲೇ ಅದು ತಟ್ಟಿತು.

ನಾನು ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಲಿಸಿದೆ. ಶುಯಿಚಿಯ ಅಪ್ಪನಿಗೆ ಸುಳಿಯ ಮೇಲಿರುವುದು ಹೆದರಿಕೆಯಲ್ಲ, ಮೋಹ. ಅವರಿಗೆ ಅದು ಚೆಂದ ಕಾಣುತ್ತದೆ. ಆ ಮೋಹ ನನಗೂ ಹತ್ತುತ್ತದೆಯಾ? ಯಾವುದರಲ್ಲಿ ಹತ್ತುತ್ತದೆ?

ಪುಸ್ತಕದಲ್ಲಿ ಹತ್ತಿತು. ಇದು 1998ರಿಂದ 1999ರವರೆಗೆ 'ಬಿಗ್ ಕಾಮಿಕ್ ಸ್ಪಿರಿಟ್ಸ್' ಅನ್ನುವ ವಾರಪತ್ರಿಕೆಯಲ್ಲಿ ಬಂದ ಕಥೆ. ನನ್ನ ಹತ್ತಿರ ಇರುವುದು ಇಂಗ್ಲಿಷ್ ಅನುವಾದ, ಮೂರೂ ಭಾಗ ಸೇರಿಸಿ ರಟ್ಟು ಹಾಕಿದ ದಪ್ಪ ಸಂಪುಟ, 600ಕ್ಕೂ ಜಾಸ್ತಿ ಪುಟ. ಜಪಾನಿನ ಕ್ರಮದಲ್ಲೇ ಬಲದಿಂದ ಎಡಕ್ಕೆ ಓದಬೇಕು. ಹತ್ತು ಪುಟದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ.

ಇಟೊ ಮಂಗಾಕ್ಕೆ ಬರುವ ಮುಂಚೆ ಹಲ್ಲಿನ ಸೆಟ್ಟು ತಯಾರಿಸುವ ಕೆಲಸದಲ್ಲಿದ್ದವರು. ಅವರ ಗೆರೆ ನೋಡುವಾಗ ಇದು ನನಗೆ ಪದೇ ಪದೇ ನೆನಪಾಯಿತು. ಕೂದಲೆಳೆಯಂಥ ಸಣ್ಣ ಗೆರೆಗಳು ಒಂದರ ಪಕ್ಕ ಒಂದು ನೂರಾರು ಬಂದು ಒಂದು ನೆರಳಾಗುತ್ತವೆ. ಮನೆ, ಬೀದಿ, ಮುಖ ಎಲ್ಲಾ ಅಚ್ಚುಕಟ್ಟು. ಜನ ಸುಂದರವಾಗಿದ್ದಾರೆ. ಎಲ್ಲವೂ ಇಷ್ಟು ಸರಿಯಾಗಿರುವ ಕಡೆ ಒಂದೇ ಒಂದು ತಪ್ಪು ಗೆರೆ ಬಂದರೂ ಮೈ ಜುಮ್ಮೆನ್ನುತ್ತದೆ.

ಅಪ್ಪ ಸಾಯುವ ಭಾಗವನ್ನೇ ತೆಗೆದುಕೊಳ್ಳಿ. ಅವರು ಮನೆ ತುಂಬಾ ಸುಳಿ ಆಕಾರದ ವಸ್ತು ಕೂಡಿಟ್ಟಿರುತ್ತಾರೆ. ಹೆಂಡತಿ ಬೇಸತ್ತು ಎಲ್ಲವನ್ನೂ ಹೊರಗೆ ಹಾಕುತ್ತಾಳೆ. ಆಗ ಅವರು, ಇನ್ನು ವಸ್ತು ಬೇಡ, ನನ್ನ ಮೈಯಲ್ಲೇ ಸುಳಿ ಮಾಡುತ್ತೇನೆ ಅನ್ನುತ್ತಾರೆ. ಕಣ್ಣುಗುಡ್ಡೆಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸಿ ತೋರಿಸುತ್ತಾರೆ. ಕೊನೆಗೆ ಒಂದು ದುಂಡನೆಯ ಮರದ ತೊಟ್ಟಿ. ತಾಯಿ, ಮಗ ಅದರೊಳಗೆ ನೋಡುತ್ತಾರೆ. ಅಲ್ಲಿಗೆ ಪುಟ ಮುಗಿಯುತ್ತದೆ.

ಮುಂದಿನದ್ದನ್ನು ನೋಡಬೇಕಾದರೆ ಪುಟ ತಿರುವಬೇಕು. ತಿರುವುವ ಬೆರಳು ನಮ್ಮದೇ. ಇಟೊ ಅವರ ಕೈಚಳಕ ಇರುವುದೇ ಇಲ್ಲಿ. ಬಹಳಷ್ಟು ಕಡೆ ಅವರು ಮುಖ್ಯ ಚಿತ್ರವನ್ನು ತಿರುವಿನ ಆಚೆ ಇಡುತ್ತಾರೆ. ನಾನು ಆ ರಾತ್ರಿ ಪುಟದ ತುದಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆಚೆ ಏನಿದೆ ಅಂತ ಗೊತ್ತಿತ್ತು. ಆದರೂ ನೋಡಬೇಕು ಅನ್ನಿಸಿತು. ಆ ಆಸೆಯೇ ಅಪ್ಪನಿಗೆ ಹಿಡಿದ ರೋಗ. ಅದು ಪುಸ್ತಕದಿಂದ ನನ್ನ ಬೆರಳಿಗೆ ಬಂದಿತ್ತು. ತಿರುವಿದ ಮೇಲೆ ಆ ಚಿತ್ರ ಅಲುಗದೆ ಅಲ್ಲೇ ಇರುತ್ತದೆ, ನಾವು ಎಷ್ಟು ಹೊತ್ತು ನೋಡಿದರೂ.

ಪುಸ್ತಕದಲ್ಲೂ ಎಲ್ಲಾ ಅಧ್ಯಾಯ ಒಂದೇ ತೂಕದ್ದಲ್ಲ. ಅಪಘಾತದಲ್ಲಿ ಸತ್ತ ಹುಡುಗ ಗೋರಿಯಿಂದ ಎದ್ದು ಬರುವ ಕಥೆ ನನಗೆ ಸುಮ್ನೆ ಸೇರಿಸಿದ ಹಾಗೆ ಕಂಡಿತು. ಆದರೆ ಆಸ್ಪತ್ರೆಯ ಸೊಳ್ಳೆಗಳ ಕಥೆ ಓದಿದ ಮೇಲೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಗರ್ಭಿಣಿಯರಿಗೆ ಅದನ್ನು ಕೊಡಬೇಡಿ, ಇದನ್ನು ನಿಜಕ್ಕೂ ಹೇಳುತ್ತಿದ್ದೇನೆ.

ಈಗ ಸಿನಿಮಾ. ನಿರ್ದೇಶಕರು ಹಿಗುಚಿನ್‌ಸ್ಕಿ, ಇದು ಅವರ ಮೊದಲ ದೊಡ್ಡ ಸಿನಿಮಾ. ಸುಮಾರು 90 ನಿಮಿಷ. ಪುಸ್ತಕ ಓದಿ ಮುಗಿಸಿದ ವಾರವೇ ನೋಡಿದ್ದಕ್ಕೋ ಏನೋ, ಮೊದಲ ಸಲ ನನಗೆ ಬೇಜಾರಾಯಿತು. ಮುಖ್ಯವಾದ ಎಷ್ಟೋ ಅಧ್ಯಾಯಗಳು ಇಲ್ಲ. ಮರದ ತೊಟ್ಟಿಯ ಜಾಗದಲ್ಲಿ ಬಟ್ಟೆ ಒಗೆಯುವ ಮಷೀನು ಬಂದಿದೆ. ಕಂಪ್ಯೂಟರಿನಲ್ಲಿ ಮಾಡಿದ ಕೆಲವು ದೃಶ್ಯಗಳು ಇವತ್ತಿನ ಕಣ್ಣಿಗೆ ತೀರಾ ಹಳೆಯದಾಗಿ ಕಾಣುತ್ತವೆ. ಪುಸ್ತಕದಲ್ಲಿ ಇಲ್ಲದ ಒಬ್ಬ ಪತ್ರಕರ್ತ ಬಂದು ಊರಿನ ಹಳೆಯ ಕಥೆ ಹುಡುಕುತ್ತಾನೆ, ಆ ಎಳೆ ಅರ್ಧಕ್ಕೇ ನಿಲ್ಲುತ್ತದೆ.

ಎರಡನೇ ಸಲ ತಮ್ಮನ ಪಕ್ಕ ಕೂತು ನೋಡಿದಾಗ ಬೇರೆಯೇ ಸಿನಿಮಾ ಕಂಡಿತು. ಅರ್ಧ ಗಂಟೆ ಆಗಿರಬಹುದು. ಅವನು ನನ್ನ ಕೈ ತಟ್ಟಿ, "ಅಕ್ಕಾ, ಹಿಂದೆ ಹಾಕು. ಆ ಮೂಲೆಯಲ್ಲಿ ಏನೋ ತಿರುಗಿತು" ಅಂದ. ಹಿಂದೆ ಹಾಕಿದೆ. ಹೌದು, ಪಾತ್ರಗಳು ಈ ಕಡೆ ಮಾತಾಡುತ್ತಿದ್ದರೆ ಚೌಕಟ್ಟಿನ ಇನ್ನೊಂದು ಕಡೆ ಒಂದು ಸಣ್ಣ ಸುಳಿ ತಣ್ಣಗೆ ತಿರುಗಿ ನಿಂತಿತು. ಸಂಗೀತ ಅದನ್ನು ಎತ್ತಿ ತೋರಿಸುವುದಿಲ್ಲ. ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ಇಂಥವು ಸಿನಿಮಾದ ಉದ್ದಕ್ಕೂ ಅಡಗಿವೆ. ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಮಾತು ಕೇಳುವುದಕ್ಕಿಂತ ಮೂಲೆ ನೋಡುವುದೇ ಜಾಸ್ತಿಯಾಯಿತು. "ಅಲ್ಲೊಂದು," "ಇಲ್ಲೊಂದು" ಅಂತ ಇಬ್ಬರೂ ಹುಡುಕಿದ್ದೇ ಹುಡುಕಿದ್ದು. ಸ್ವಲ್ಪ ಹೊತ್ತಾದ ಮೇಲೆ ನನಗೆ ಹೊಳೆಯಿತು: ಬಸವನಹುಳುವಿನ ಮುಂದೆ ಕೂತ ಆ ಅಪ್ಪ ಮಾಡುತ್ತಿದ್ದದ್ದೂ ಇದೇ ಅಲ್ವಾ?

ಪುಸ್ತಕ ಪುಟದ ತಿರುವಿನಿಂದ ಮಾಡಿದ್ದನ್ನು ಸಿನಿಮಾ ತನ್ನದೇ ರೀತಿಯಲ್ಲಿ ಮಾಡಿದೆ. ಇಟೊ ಅವರ ಗೆರೆಯನ್ನು ನಕಲು ಮಾಡಲು ಹೋಗಿಲ್ಲ. ಕಪ್ಪುಬಿಳುಪಿನ ಪುಟಗಳಿಗೆ ಬದಲಾಗಿ ಇಡೀ ಊರಿಗೆ ಪಾಚಿಯಂಥ ಹಸಿರು ಬಣ್ಣ ಹಚ್ಚಿದೆ. ಮಳೆ ನಿಂತ ಮೇಲೆ ಮುಗ್ಗಲು ಹಿಡಿದ ಗೋಡೆಯ ಹಾಗೆ ಕಾಣುತ್ತದೆ ಊರು.

ಇನ್ನು ಅಪ್ಪನ ಪಾತ್ರ ಮಾಡಿದ ರೆನ್ ಒಸುಗಿ. ಇವರು 2018ರಲ್ಲಿ ತೀರಿಕೊಂಡರು, ಜಪಾನಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪೋಷಕ ನಟ. ಸಿನಿಮಾದಲ್ಲಿ ಅವರ ಕೈಗೆ ವಿಡಿಯೋ ಕ್ಯಾಮೆರಾ ಕೊಟ್ಟಿದ್ದಾರೆ, ಬಸವನಹುಳುವನ್ನು ಚಿತ್ರಿಸುತ್ತಾ ಕೂತಿರುತ್ತಾರೆ. ನನಗೆ ಮರೆಯಲಾಗದ್ದು ಅವರು ಕಿರಿಯೆಯ ಅಪ್ಪನ ಹತ್ತಿರ ಬಂದು, ನನಗೊಂದು ಸುಳಿ ಮಾಡಿಕೊಡಿ ಅಂತ ಕೇಳುವುದು. ತಿಗರಿ ತಿರುಗುತ್ತದೆ, ಒದ್ದೆ ಮಣ್ಣು ಸುತ್ತುತ್ತದೆ, ಅವರ ಮುಖ ಅರಳುತ್ತದೆ. ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೆ ಕೆಲವರ ಮುಖ ಇರುತ್ತದಲ್ಲ, ಹಾಗೆ. ಹುಚ್ಚನ ಹಾಗೆ ನಟಿಸಿಲ್ಲ ಅವರು, ಸುಖವಾಗಿರುವವನ ಹಾಗೆ ನಟಿಸಿದ್ದಾರೆ. ಪುಸ್ತಕದ ಅಪ್ಪನ ಮುಖ ಇಷ್ಟು ಮೆತ್ತಗಿಲ್ಲ. ಈ ಒಂದು ವಿಷಯದಲ್ಲಿ ಸಿನಿಮಾ ಮೂಲಕ್ಕಿಂತ ಮುಂದೆ ಹೋಗಿದೆ ಅಂತಲೇ ನನ್ನ ಅಭಿಪ್ರಾಯ.

ಸಿನಿಮಾದ ಕೊನೆ ಬೇರೆ. ಅದು ತಯಾರಾಗುವಾಗ ಮಂಗಾ ಇನ್ನೂ ಪತ್ರಿಕೆಯಲ್ಲಿ ಬರುತ್ತಿತ್ತು, ಕಥೆ ಎಲ್ಲಿಗೆ ಮುಟ್ಟುತ್ತದೆ ಅಂತ ಚಿತ್ರತಂಡದ ಕೈಯಲ್ಲಿರಲಿಲ್ಲ. ಹಾಗಾಗಿ ಪುಸ್ತಕದ ಕೊನೆಯಲ್ಲಿ ಬರುವ ಊರಿನ ಇತಿಹಾಸ, ನೆಲದ ಕೆಳಗಿರುವುದು ಯಾವುದೂ ಇದರಲ್ಲಿ ಇಲ್ಲ. ಕಥೆ ಶುಯಿಚಿ, ಕಿರಿಯೆ ಹತ್ತಿರವೇ ನಿಂತು, ಆಮೇಲೆ ಊರಿನ ಜನಕ್ಕೆ ಏನಾಯಿತು ಅನ್ನುವುದನ್ನು ನಿಂತ ಚಿತ್ರಗಳಲ್ಲಿ ತೋರಿಸಿ ಮುಗಿಯುತ್ತದೆ. ತಮ್ಮ "ಇಷ್ಟೇನಾ?" ಅಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಕೊನೆಯ ಹತ್ತು ನಿಮಿಷ ನನಗೂ ಅವಸರದ್ದು ಅನ್ನಿಸಿತು.

ಸರಣಿಯ ಮೇಲೆ ನಾನು ಇಟ್ಟುಕೊಂಡ ಆಸೆ ದೊಡ್ಡದು. 2019ರಲ್ಲಿ ಘೋಷಿಸಿದರು. ಸಾಂಕ್ರಾಮಿಕ ಬಂತು, ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂತು. ಪೂರ್ತಿ ಕಪ್ಪುಬಿಳುಪು. ಇಟೊ ಅವರ ಗೆರೆಯನ್ನೇ ಅಲುಗಾಡಿಸುತ್ತೇವೆ ಅನ್ನುವುದು ನಿರ್ದೇಶಕ ಹಿರೋಶಿ ನಾಗಹಾಮ ಅವರ ಹಟ.

ಮೊದಲ ಕಂತು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಪುಸ್ತಕದಲ್ಲಿ ನಿಂತಿದ್ದ ಗೆರೆಗಳು ಉಸಿರಾಡುತ್ತಿವೆ. ಹುಲ್ಲು, ಹೊಗೆ, ಕೂದಲು, ಎಲ್ಲದರಲ್ಲೂ ಆ ನೂರಾರು ಎಳೆಗಳು ಹಾಗೇ ಇವೆ. ಸಂಗೀತ ಕಾಲಿನ್ ಸ್ಟೆಟ್ಸನ್ ಅವರದು. ಉಸಿರು ಕಡಿಯದೆ ಸ್ಯಾಕ್ಸೋಫೋನ್ ಊದುವುದಕ್ಕೆ ಹೆಸರಾದವರು, ನಮ್ಮ ಹಾವಾಡಿಗರು ಪುಂಗಿ ಊದುತ್ತಾರಲ್ಲ, ಆ ಥರ. ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗದೆ ಸುತ್ತುವ ದನಿ. ಸುಳಿಗೆ ಸಂಗೀತ ಮಾಡಲು ಇವರಿಗಿಂತ ಸರಿಯಾದವರನ್ನು ನನಗೆ ಊಹಿಸಲಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡೇ ನೋಡಿ.

ಎರಡನೇ ಕಂತಿಗೆ ಎಲ್ಲಾ ಕೈತಪ್ಪಿತು. ಗೆರೆ ತೆಳುವಾಯಿತು, ಮುಖಗಳು ಚಪ್ಪಟೆಯಾದವು, ನಡೆಯುವವರು ಗೊಂಬೆಗಳ ಹಾಗೆ ಜಾರಿದರು. ತಯಾರಿಯಲ್ಲಿ ಏನೋ ಎಡವಟ್ಟಾಗಿದೆ ಅಂತ ಸರಣಿ ಮಾಡಿದವರ ಕಡೆಯಿಂದಲೇ ಬಹಿರಂಗವಾಗಿ ಮಾತು ಬಂತು. ಅರ್ಧಕ್ಕೆ ಬಿಡುವುದಕ್ಕಿಂತ ಇದ್ದ ಹಾಗೆ ನಾಲ್ಕನ್ನೂ ಪ್ರಸಾರ ಮಾಡಿದರು. ಗೆರೆಯ ಮೇಲೇ ನಿಂತಿದ್ದ ಸರಣಿಗೆ ಗೆರೆ ಹೋದರೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಇನ್ನೊಂದು ತೊಂದರೆ ವೇಗ. 600 ಪುಟದ ಕಥೆಯನ್ನು ನಾಲ್ಕು ಕಂತಿಗೆ ತುಂಬಿದ್ದಾರೆ, ಒಂದೊಂದೂ ಅರ್ಧ ಗಂಟೆ ಕೂಡ ಇಲ್ಲ. ಪುಸ್ತಕದಲ್ಲಿ ಒಂದರ ಹಿಂದೆ ಒಂದು ಬರುವ ಘಟನೆಗಳನ್ನು ಇಲ್ಲಿ ಒಟ್ಟಿಗೆ ನಡೆಸುತ್ತಾರೆ. ಮಳೆ ಬಂದ ದಿನ ಮಾತ್ರ ಶಾಲೆಗೆ ಬರುವ, ನಿಧಾನ ಅಂದರೆ ನಿಧಾನದ ಹುಡುಗ ಒಬ್ಬನಿದ್ದಾನೆ. ಅವನು ಮೆಲ್ಲಮೆಲ್ಲಗೆ ಬಸವನಹುಳುವಾಗುತ್ತಾನೆ. ಪುಸ್ತಕದಲ್ಲಿ ಅವನ ಬೆನ್ನಿನ ಮೇಲಿನ ಗುರುತು ಮೊದಲು ಸಣ್ಣದು, ಆಮೇಲೆ ಉಬ್ಬುತ್ತದೆ. ಆ ಕಾಯುವಿಕೆಯಲ್ಲೇ ಅಸಹ್ಯವೂ ಅಯ್ಯೋ ಪಾಪ ಅನ್ನುವುದೂ ಒಟ್ಟಿಗೆ ಬರುತ್ತದೆ. ಸಿನಿಮಾ ಕೂಡ ಇವನಿಗೆ ಸಮಯ ಕೊಟ್ಟಿದೆ: ಅಂಟು ಲೋಳೆ ಸುರಿಸುತ್ತಾ ತರಗತಿಗೆ ಬಂದು ನಿಲ್ಲುತ್ತಾನೆ, ಯಾರಿಗೂ ಏನು ಹೇಳಬೇಕು ತೋಚುವುದಿಲ್ಲ. ಸರಣಿಯಲ್ಲಿ ಅವನು ಬಂದ, ಹುಳುವಾದ, ಹೋದ. ನಿಧಾನದ ಬಗ್ಗೆ ಇರುವ ಕಥೆಯನ್ನೇ ಓಡಿಸಿಬಿಟ್ಟರು.

ಹೀಗಿದ್ದರೂ ಸರಣಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಊರಿನ ಮನೆಗಳೆಲ್ಲಾ ಸೇರಿಕೊಂಡು ಒಂದೇ ದೊಡ್ಡ ಸುಳಿಯಾಗುವ ಕೊನೆಯ ಭಾಗ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಸರಣಿ ಅಲ್ಲಿಯವರೆಗೆ ಹೋಗುತ್ತದೆ.

ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಇದು. ಮೊದಲು ಪುಸ್ತಕ, ರಾತ್ರಿಗೆ ಎರಡು ಮೂರು ಅಧ್ಯಾಯ, ಜಾಸ್ತಿ ಬೇಡ. ಒಂದು ತಿಂಗಳು ಬಿಟ್ಟು ಸಿನಿಮಾ. ನಾನು ಮಾಡಿದ ಹಾಗೆ ಅದೇ ವಾರ ನೋಡಿದರೆ ಇಲ್ಲದ್ದನ್ನೇ ಎಣಿಸುತ್ತಾ ಕೂರುತ್ತೀರಿ. ಸರಣಿಯಲ್ಲಿ ಮೊದಲ ಕಂತು ಖಂಡಿತ ನೋಡಿ, ಉಳಿದದ್ದು ನಿಮ್ಮಿಷ್ಟ. ಪುಸ್ತಕ ಓದಲು ಪುರುಸೊತ್ತೇ ಇಲ್ಲ ಅನ್ನುವವರು ಸರಣಿಯ ಬದಲು ಸಿನಿಮಾ ನೋಡಲಿ. ಅದರ ಸೋಲುಗಳೂ ಅದರವೇ, ಬೇರೆಯವರಿಂದ ತಂದದ್ದಲ್ಲ.

ತಮ್ಮ ಈಗ ಪುಸ್ತಕ ಒಯ್ದಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಕ್ಕಾ, ತೊಟ್ಟಿ ಹತ್ತಿರ ಬಂದಿದ್ದೀನಿ. ಸಿನಿಮಾದಲ್ಲಿ ನೋಡಿದ್ದೇ ತಾನೇ?" ಅಂದ.

"ಅಲ್ಲ," ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪುಟ ತಿರುವಿದ ಸದ್ದು ಕೇಳಿಸಿತು.