ಹಳೆ ಡೆಸ್ಕ್‌ಟಾಪಿಗೆ ಮೊದಲು ಯಾವುದು: ರ‍್ಯಾಮೋ, ಎಸ್‌ಎಸ್‌ಡಿಯೋ?

ಸ್ವಿಚ್ ಒತ್ತಿ, ಮುಖ ತೊಳೆದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ನನ್ನದು ಮೂರನೇ ತಲೆಮಾರಿನ ಕೋರ್ ಐ3-3220, ಎಚ್61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 7200 ಆರ್‌ಪಿಎಂನ 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಹೊಸದು ತಗೊಂಡುಬಿಡು ಅಂದವರೇ ಹೆಚ್ಚು. ಆದರೆ ನಾನು ಅದರಲ್ಲಿ ಮಾಡುವುದು ಬರವಣಿಗೆ, ಲೆಕ್ಕದ ಹಾಳೆ, ಬ್ರೌಸಿಂಗ್, ಒಂದಿಷ್ಟು ವಿಡಿಯೊ. ಇಷ್ಟಕ್ಕೆ ಆ ಪ್ರೊಸೆಸರ್ ಸಾಲದು ಅಂತ ನಂಬಲು ಮನಸ್ಸಾಗಲಿಲ್ಲ. ಹಾಗಾಗಿ ಜನ ಹೇಳುವ ಉಪಾಯಗಳನ್ನೆಲ್ಲ ಒಂದೊಂದಾಗಿ ಮಾಡಿ, ಪ್ರತಿ ಸಲ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಅಳತೆ ಒಂದೇ: ಪವರ್ ಬಟನ್ ಒತ್ತಿದಲ್ಲಿಂದ ಬ್ರೌಸರಿನಲ್ಲಿ ಒಂದು ಪುಟ ಪೂರ್ತಿ ತೆರೆದುಕೊಳ್ಳುವವರೆಗೆ. ಲೆಕ್ಕ ತಪ್ಪಬಾರದು ಅಂತ, ವಿಂಡೋಸ್ ಹಿಂದಿನ ಸ್ಥಿತಿ ಉಳಿಸಿಟ್ಟುಕೊಂಡು ಬೇಗ ಏಳುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ದೆ. ಮೊದಲ ದಿನದ ಅಳತೆ 4 ನಿಮಿಷ 10 ಸೆಕೆಂಡ್.

ಕ್ಲೀನರ್ ಸಾಫ್ಟ್‌ವೇರ್ ಹಾಕಿ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಗುಡಿಸಿದ್ದಕ್ಕೆ, ಟೆಂಪ್ ಫೈಲ್ ಅಳಿಸಿದ್ದಕ್ಕೆ ಉಳಿದದ್ದು 5 ಸೆಕೆಂಡ್. ಪೆನ್ ಡ್ರೈವ್ ಚುಚ್ಚಿ, ಅದನ್ನು ಡಿಸ್ಕಿಗೆ ಆಸರೆಯಾಗಿ ಬಳಸುವ ರೆಡಿಬೂಸ್ಟ್ ಆನ್ ಮಾಡಿದೆ, ವ್ಯತ್ಯಾಸವೇ ಕಾಣಲಿಲ್ಲ. ಬೂಟ್ ಆಗುವಾಗ ತಾವಾಗಿಯೇ ಏಳುವ ಪ್ರೋಗ್ರಾಮುಗಳನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿದ್ದರಿಂದ ಮಾತ್ರ 3 ನಿಮಿಷ 20 ಸೆಕೆಂಡಿಗೆ ಇಳಿಯಿತು. ಖರ್ಚಿಲ್ಲದ ಕೆಲಸ, ಯಾರಾದರೂ ಮಾಡಬಹುದು.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ನಾನು ನೋಡಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಪಿಯು 15 ಶೇಕಡ, ಮೆಮೊರಿ (ಅಂದರೆ ರ‍್ಯಾಮ್, ಓಡುತ್ತಿರುವ ಕೆಲಸ ಹಿಡಿದಿಡುವ ಜಾಗ) 85ರ ಆಸುಪಾಸು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿತ್ತು. ಅಷ್ಟು ಬಿಡುವಿಲ್ಲದ ಡಿಸ್ಕ್ ಓದುತ್ತಿದ್ದದ್ದು ಸೆಕೆಂಡಿಗೆ ಬರೀ 1-2 ಎಂಬಿ! ಒಂದೇ ದೊಡ್ಡ ಫೈಲಾದರೆ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಡುತ್ತದೆ. ಆದರೆ ಬೂಟ್ ಆಗುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಚಿಕ್ಕ ಫೈಲುಗಳು. 7200 ಆರ್‌ಪಿಎಂ ಅಂದರೆ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ ಆ ಟ್ರ್ಯಾಕಿಗೆ ಸರಿಯಬೇಕು. ಎರಡೂ ಸೇರಿದರೆ ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ.

ಇಷ್ಟು ಕಂಡ ಮೇಲೂ ಮೊದಲು ಹಾಕಿದ್ದು ರ‍್ಯಾಮ್. ಅದೇ ವೇಗದ ಇನ್ನೊಂದು 4 ಜಿಬಿ ಕಡ್ಡಿಯನ್ನು ಪಕ್ಕದ ಸ್ಲಾಟಿನಲ್ಲಿ ಕೂರಿಸಿದೆ. ಎರಡೂ ಬದಿ ಟಕ್ ಅನ್ನುವವರೆಗೆ ಒತ್ತಬೇಕು. ಒಂದು ಬದಿ ಮೇಲೆದ್ದಿದ್ದರಿಂದ ಮೊದಲ ಸಲ ಪರದೆ ಕಪ್ಪಾಗಿಯೇ ಇತ್ತು, ಬೀಪ್ ಸದ್ದು ಮಾತ್ರ. ಬೂಟ್ ಅಳತೆ ಇಳಿದದ್ದು 15 ಸೆಕೆಂಡ್ ಅಷ್ಟೇ. ಆದರೆ ಹತ್ತು ಟ್ಯಾಬ್ ತೆರೆದು ಹಿಂದಿನ ಟ್ಯಾಬಿಗೆ ಹೋದರೆ ಎಂಟು-ಹತ್ತು ಸೆಕೆಂಡ್ ತಡವರಿಸುತ್ತಿದ್ದದ್ದು ಪೂರ್ತಿ ನಿಂತಿತು. ಅಂದರೆ ರ‍್ಯಾಮ್ ಗುಣ ಮಾಡುವ ರೋಗವೇ ಬೇರೆ. ಒಂದು ಎಚ್ಚರಿಕೆ: 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚಿಗೆ ಹಾಕಿದ್ದು ದಂಡ, ಅದಕ್ಕೆ ಕಾಣಿಸುವುದೇ ಇಲ್ಲ. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುವುದೂ ಇಲ್ಲ, ಕಚ್ಚು ಬೇರೆ ಜಾಗದಲ್ಲಿರುತ್ತದೆ.

ಆಮೇಲೆ, ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಫೈಲು ಇಡುವ 240 ಜಿಬಿಯ ಸಾಟಾ ಎಸ್‌ಎಸ್‌ಡಿ. ಹಳೆ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದ ಹಾಗೇ ಇದಕ್ಕೆ ಕ್ಲೋನ್ (ನಕಲು) ಮಾಡುವ ಮುನ್ನ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೆ ಡಿಸ್ಕ್ ನೋಡಿದರೆ ಹಳದಿ ಎಚ್ಚರಿಕೆ! ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ (ಡಿಸ್ಕಿನ ಚಿಕ್ಕ ತುಣುಕುಗಳ) ಎದುರಿಗೆ, ಸೊನ್ನೆ ಇರಲಿಲ್ಲ. ನಾನು ರಿಜಿಸ್ಟ್ರಿ ಗುಡಿಸುತ್ತಿದ್ದ ದಿನಗಳಲ್ಲೇ ಡಿಸ್ಕ್ ಸಾಯುತ್ತಿತ್ತು, ಮನೆಯವರ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಆ ರಾತ್ರಿ ಬೇರೆಲ್ಲ ಬಿಟ್ಟು ಅವುಗಳ ನಕಲು ತೆಗೆದೆ. ಕಂಪ್ಯೂಟರ್ ನಿಧಾನ ಅನ್ನಿಸಿದ ಯಾರಿಗೇ ಆದರೂ ನಾನು ಹೇಳುವ ಮೊದಲ ಮಾತು ಇದು: ಸಿ5 ನೋಡಿ, 05 (ಕೆಟ್ಟು ಬದಲಿಸಿದ ಸೆಕ್ಟರುಗಳ ಸಾಲು) ನೋಡಿ, ಫೈಲುಗಳನ್ನು ಬೇರೆಡೆ ಇಡಿ. ಏರುತ್ತಿರುವುದು ಸಿ7 (ಡೇಟಾ ಸಾಗಣೆಯ ದೋಷಗಳ ಸಾಲು) ಆಗಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ, ಬದಲಾಯಿಸಿ ನೋಡಿ.

ಸಾಯುತ್ತಿರುವ ಡಿಸ್ಕಿನ ಜೊತೆ ಎಸ್‌ಎಸ್‌ಡಿ ಹೋಲಿಸಿದರೆ ನ್ಯಾಯವಲ್ಲ. ಅದಕ್ಕೆ ಗಟ್ಟಿಯಾಗಿರುವ ಇನ್ನೊಂದು 7200 ಆರ್‌ಪಿಎಂ ಡಿಸ್ಕಿಗೂ ಕ್ಲೋನ್ ಮಾಡಿದೆ. ಅದರಲ್ಲಿ 2 ನಿಮಿಷ 5 ಸೆಕೆಂಡ್, ಎಸ್‌ಎಸ್‌ಡಿಯಲ್ಲಿ 46 ಸೆಕೆಂಡ್. ಎಚ್61ರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕದ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಹಾಗಾಗಿ ಡಬ್ಬಿಯ ಮೇಲಿನ 500 ಎಂಬಿ ವೇಗದಲ್ಲಿ ನನಗೆ ಸಿಕ್ಕಿದ್ದು 265. ಅದಕ್ಕಾಗಿ ಬೇಸರ ಬೇಡ, ಗೆಲುವು ಬರುವುದು ತಿರುಗುವ ತಟ್ಟೆಗೆ ಕಾಯುವುದು ತಪ್ಪಿದ್ದರಿಂದ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಸಾಟಾ ಮೋಡ್ ಹಳೆಯ ಐಡಿಇ ಇದ್ದದ್ದನ್ನು ಹೊಸದಾದ ಎಎಚ್‌ಸಿಐಗೆ ತಿರುಗಿಸಿದಾಗ ಮಾತ್ರ ನೀಲಿ ಪರದೆ ಬಂತು. ವಾಪಸ್ ಐಡಿಇಗೆ ಹಾಕಿ, ವಿಂಡೋಸ್ ಬೂಟ್ ಸೆಟ್ಟಿಂಗಿನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತಿಸಿ, ಆಮೇಲೆ ಎಎಚ್‌ಸಿಐ ಮಾಡಿ ಒಮ್ಮೆ ಸೇಫ್ ಮೋಡಿನಲ್ಲಿ ಎಬ್ಬಿಸಿ, ಸೇಫ್ ಬೂಟ್ ಗುರುತು ತೆಗೆದರೆ ಸರಿಹೋಗುತ್ತದೆ.

ಇಷ್ಟಾದರೂ ಒಂದು ಕಾಟ ಉಳಿದಿತ್ತು. ಅರ್ಧ ಗಂಟೆ ವಿಡಿಯೊ ನೋಡಿದರೆ ಮೌಸ್ ಕೂಡ ಎಳೆದಾಡುತ್ತಿತ್ತು. ಎದ್ದ ಕೂಡಲೇ ನಿಧಾನ ಇದ್ದರೆ ಡಿಸ್ಕ್ ಕಡೆ ನೋಡಬೇಕು, ಓಡುತ್ತ ಓಡುತ್ತ ನಿಧಾನ ಆದರೆ ಬಿಸಿಯ ಕಡೆ. ಪ್ರೊಸೆಸರ್ 90 ಡಿಗ್ರಿ ದಾಟಿತ್ತು, ಬಿಸಿ ಮಿತಿ ಮೀರಿದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಬಿಚ್ಚಿದರೆ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಧೂಳು ಬೂದು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಚಿಮಟದಲ್ಲಿ ಎತ್ತಿದರೆ ಒಂದೇ ತುಂಡಾಗಿ ಬಂತು. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದ ಹಾಗೆ ಉದುರಿತು. ಉಜ್ಜಿ ತೆಗೆದು ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಫ್ಯಾನಿನ ನಾಲ್ಕೂ ಪಿನ್ನು ಬೋರ್ಡಿಗೆ ಕಚ್ಚಿಕೊಂಡಿದೆಯೇ ಅಂತ ಬೆರಳಿನಿಂದ ಮುಟ್ಟಿ ನೋಡಿ ಮುಚ್ಚಿದೆ. ಅದೇ ವಿಡಿಯೊಗೆ ಈಗ 62 ಡಿಗ್ರಿ. ಬೂಟ್ ಅಳತೆಯಲ್ಲಿ ಒಂದು ಸೆಕೆಂಡೂ ಬದಲಾಗಲಿಲ್ಲ, ಕಾಟ ಮಾತ್ರ ಹೋಯಿತು.

ಕೊನೆಗೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಆ ಗಟ್ಟಿ ಹಾರ್ಡ್ ಡಿಸ್ಕಿನಲ್ಲಿ 1 ನಿಮಿಷ 20 ಸೆಕೆಂಡ್, ಎಸ್‌ಎಸ್‌ಡಿಯಲ್ಲಿ 32. ಸುಮ್ಮನೆ ಇರುವಾಗ ವಿಂಡೋಸ್ ಬಳಸುತ್ತಿದ್ದ ರ‍್ಯಾಮಿನ ಅರ್ಧವೂ ಇದಕ್ಕೆ ಬೇಕಿಲ್ಲ, ಆದರೆ ಬ್ರೌಸರ್ ಎರಡರಲ್ಲೂ ಒಂದೇ ಹೊಟ್ಟೆಬಾಕ. ಎಸ್‌ಎಸ್‌ಡಿ ಕೊಳ್ಳುವ ಸ್ಥಿತಿ ಇಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್. ನನ್ನ ಪೆಟ್ಟಿಗೆ ಆ ಹತ್ತಿರಕ್ಕೂ ಬರುವುದಿಲ್ಲ. ಆದರೂ ಡಿಸ್ಕ್ ಅಳಿಸುವ ಮೊದಲು ಪೆನ್ ಡ್ರೈವಿನಿಂದಲೇ ಮಿಂಟ್ ಎಬ್ಬಿಸಿ ಪ್ರಿಂಟರ್, ಸ್ಕ್ಯಾನರ್, ವೈಫೈ ಎಲ್ಲ ಒಮ್ಮೆ ನೋಡಿಕೊಳ್ಳಿ. ನನ್ನ ಪ್ರಿಂಟರ್ ಕೂಡಲೇ ಸಿಕ್ಕಿತು, ಸ್ಕ್ಯಾನರ್ ಸಿಗಲಿಲ್ಲ. ಅದೊಂದಕ್ಕಾಗಿ ಎಸ್‌ಎಸ್‌ಡಿಯ ಮೂಲೆಯಲ್ಲಿ 60 ಜಿಬಿ ವಿಂಡೋಸಿಗೆ ಬಿಟ್ಟಿದ್ದೇನೆ, ಬೆಂಬಲ ಮುಗಿದದ್ದಾದ್ದರಿಂದ ಅದನ್ನು ತೆರೆಯುವಾಗ ನೆಟ್ ಕೇಬಲ್ ಕಿತ್ತಿಡುತ್ತೇನೆ.